ಕಾಫಿಯೋ ಚಹವೋ? ಸದಲಗಾದ ಅಭಿರುಚಿಯನ್ನು ಕುರಿತು ಒಂದು ಐತಿಹಾಸಿಕ ವಿಮರ್ಶೆ

ಕರ್ನಾಟಕದ ಆರ್ಥಿಕ ಇತಿಹಾಸವನ್ನು ಬಿ.ಎ. ತರಗತಿಗೆ ಬೋಧಿಸುತ್ತಿದ್ದಾಗ ಒಮ್ಮೆ ನಾವು, ಕಾಫಿಯು ಕನ್ನಡಿಗರ ಮನೆಮನೆಯ ಪಾನೀಯವೆಂದೂ ಅದರ ಚರಿತ್ರೆಯು ಬಾಬಾಬುಡನ್ ಗಿರಿಯಿಂದ ಮೊದಲಾಗುತ್ತದೆಂದೂ ಹೇಳಿ ಮುಂದಕ್ಕೆ ಸಾಗಿದ್ದೆವು. ಹಿಂದಿನ ಸಾಲಿನಲ್ಲಿದ್ದ ಸದಲಗಾದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸರ್, ನಮ್ಮ ಮನ್ಯಾಗ ಕಾಫಿ ಪುಡಿನ ಇಲ್ಲರೀ. ಹಂಗಾರ ನಾವು ಕನ್ನಡದವರಲ್ಲೇನ್ರೀ?” ಎಂದು ಕೇಳಿದನು. ತರಗತಿ ನಕ್ಕಿತು, ನಾವೂ ನಕ್ಕೆವು. ನಗೆ ಅಡಗಿದ ಮೇಲೆ, ಆ ಪ್ರಶ್ನೆಗೆ ಕೊಡತಕ್ಕ ಉತ್ತರವು ನಮ್ಮಲ್ಲಿಲ್ಲವೆಂಬುದು ನಮಗೇ ಮನವರಿಕೆಯಾಯಿತು. ನಮ್ಮ ಟಿಪ್ಪಣಿಗಳೆಲ್ಲವೂ ಹಳೆಯ ಮೈಸೂರನ್ನು ಕುರಿತ ಗ್ರಂಥಗಳಿಂದ ಎತ್ತಿಕೊಂಡವು. ಮೈಸೂರಿಗೆ ಸಲ್ಲುವ ಮಾತನ್ನು ಸಮಗ್ರ ಕನ್ನಡ ನಾಡಿಗೆ ಸಲ್ಲಿಸುವ ಈ ಅಭ್ಯಾಸವು ನಮ್ಮೊಬ್ಬರದೇ ಆಗಿದ್ದರೆ ಅದನ್ನಿಲ್ಲಿ ಚರ್ಚಿಸುವ ಅಗತ್ಯವಿರಲಿಲ್ಲ. ಪಠ್ಯಪುಸ್ತಕಗಳಲ್ಲಿಯೂ ಪ್ರವಾಸೋದ್ಯಮದ ಫಲಕಗಳಲ್ಲಿಯೂ ಅದೇ ಮಾತು ಮತ್ತೆ ಮತ್ತೆ ಕಾಣಿಸುವುದರಿಂದ ಅದನ್ನು ಪರಾಮರ್ಶಿಸುವುದು ಉಚಿತವೆಂದು ತೋರುತ್ತದೆ. ಪ್ರಸ್ತುತ ಲೇಖನವು ಆ ವಿದ್ಯಾರ್ಥಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರವೆಂದು ವಾಚಕರು ಭಾವಿಸಬಹುದು.

ಸದಲಗಾವು ಚಿಕ್ಕೋಡಿ ತಾಲ್ಲೂಕಿನಲ್ಲಿ ದೂಧಗಂಗೆಯ ತೀರದಲ್ಲಿರುವ ಊರು. ನದಿಯನ್ನು ದಾಟಿ ಸ್ವಲ್ಪ ದೂರ ಹೋದರೆ ಕೊಲ್ಹಾಪುರ ಜಿಲ್ಲೆ. ಮಗ್ಗಗಳಿಗೆ ಹೆಸರಾದ ಇಚಲಕರಂಜಿ ಇಲ್ಲಿಗೆ ಸಮೀಪ. ಕಬ್ಬು ಮುಖ್ಯ ಬೆಳೆ, ಎಮ್ಮೆ ಮನೆಮನೆಯ ಸಂಪತ್ತು. ಜೈನರು, ಲಿಂಗಾಯತರು, ಮರಾಠರು, ಮುಸಲ್ಮಾನರು ಕೂಡಿ ಬಾಳುವ ಈ ಊರಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕುಡಿಯುವುದು ಚಹಾ. ಅತಿಥಿಗೆ ಚಹಾ, ಆಳಿಗೆ ಚಹಾ, ಬಾಕಿ ಕೇಳಲು ಬಂದವನಿಗೂ ಚಹಾ. ಕನ್ಯೆಯನ್ನು ನೋಡಲು ಬಂದವರ ಮುಂದೆ ಇಡುವುದು ಚಹಾ ಮತ್ತು ಅವಲಕ್ಕಿ. ಬಂದವರು “ಚಾ ಕುಡದ ಬಂದೇವರೀ” ಎಂದರೂ “ಅರ್ಧಾ ಕಪ್ಪರ ತಗೋರಿ” ಎಂಬ ಒತ್ತಾಯ ತಪ್ಪುವುದಿಲ್ಲ. ಕಾಫಿಯ ಮಾತು ಬರುವುದು ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಾಗಿರಬೇಕಾದ ಹುಡುಗರ ನಡುವೆ, ಇಲ್ಲವೆ ಬೆಂಗಳೂರಿನಿಂದ ಬೀಗರು ಬಂದಾಗ.

ಇದನ್ನು ಕಂಡವರು ಒಡನೆಯೇ ಹೇಳುವ ಮಾತೆಂದರೆ, ರುಚಿಯು ಅವರವರ ಇಷ್ಟ. ಅದರಲ್ಲಿ ಚರಿತ್ರೆಯನ್ನು ಹುಡುಕುವುದು ವ್ಯರ್ಥವೆಂಬುದು. ಈ ಮಾತು ಮೇಲ್ನೋಟಕ್ಕೆ ನಿರಪಾಯವಾಗಿ ಕಂಡರೂ ವಿಚಾರಕ್ಕೆ ನಿಲ್ಲುವುದಿಲ್ಲ. ಒಬ್ಬೊಬ್ಬರೂ ತಮ್ಮ ಇಷ್ಟದಂತೆ ಆರಿಸಿಕೊಂಡಿದ್ದರೆ ಒಂದು ಊರಿನ ಮನೆಗಳೆಲ್ಲ ಒಂದೇ ಪಾನೀಯವನ್ನು ಆರಿಸಿಕೊಂಡದ್ದು ಹೇಗೆ? ಆರಿಸಿಕೊಳ್ಳಲು ಎದುರಿಗೆ ಎರಡು ವಸ್ತುಗಳಿರಬೇಕು. ಸದಲಗಾದ ಅಜ್ಜಂದಿರ ಎದುರಿಗೆ ಎರಡಿರಲಿಲ್ಲವೆಂಬುದೇ ನಮ್ಮ ವಾದದ ತಿರುಳು.

ಭಾರತದಲ್ಲಿ ಈ ಪಾನೀಯಗಳ ಸಾಮಾಜಿಕ ಚರಿತ್ರೆಯನ್ನು ಕುರಿತು ಇತ್ತೀಚಿನ ದಶಕಗಳಲ್ಲಿ ಒಳ್ಳೆಯ ಅಧ್ಯಯನಗಳು ಬಂದಿವೆ. ತಮಿಳುನಾಡಿನ ಕಾಫಿಯನ್ನು ಕುರಿತು ಎ. ಆರ್. ವೆಂಕಟಾಚಲಪತಿಯವರು ಬರೆದ ಪ್ರಬಂಧವು ೨೦೦೬ರಲ್ಲಿ ಅವರ ಇಂಗ್ಲಿಷ್ ಪ್ರಬಂಧ ಸಂಕಲನದಲ್ಲಿ ಸೇರಿ, ಆ ಸಂಕಲನಕ್ಕೇ ಹೆಸರನ್ನು ಕೊಟ್ಟಿತು. ಚಹದ ಜಾಹೀರಾತುಗಳನ್ನೂ ಅದರ ಸಂಸ್ಕೃತಿಯನ್ನೂ ಕುರಿತ ಗೌತಮ ಭದ್ರ ಅವರ ಕೃತಿ ೨೦೦೫ರದು. ಬೀದಿಯ ಚಹಾ ಹೇಗೆ ಸರ್ವರ ಪಾನೀಯವಾಯಿತೆಂಬುದನ್ನು ವಿವೇಚಿಸಿದ ಫಿಲಿಪ್ ಲುಟ್ಜೆಂಡಾರ್ಫ್ ಅವರ ಲೇಖನ ೨೦೧೨ರದು. ಈ ಮೂವರಿಗೂ ನಾವು ಋಣಿಗಳು. ಆದರೂ ಇವರ ನಿರ್ಣಯಗಳನ್ನು ದೂಧಗಂಗೆಯ ತೀರಕ್ಕೆ ತಂದಾಗ ಅವು ಪೂರ್ಣವಾಗಿ ಹೊಂದುವುದಿಲ್ಲವೆಂದು ಹೇಳದಿರಲಾರೆವು. ವೆಂಕಟಾಚಲಪತಿಯವರ ಪ್ರಕಾರ ತಮಿಳು ನಾಡಿನಲ್ಲಿ ಕಾಫಿಯು ಮಧ್ಯಮ ವರ್ಗದ, ವಿಶೇಷವಾಗಿ ಬ್ರಾಹ್ಮಣರ, ಪ್ರತಿಷ್ಠೆಯ ಗುರುತಾಯಿತು. ಚಹವು ದುಡಿಯುವವರ ಪಾಲಿಗೆ ಬಂತು. ಮದರಾಸಿಗೂ ಬಹುಮಟ್ಟಿಗೆ ಮೈಸೂರಿಗೂ ಇದು ಒಪ್ಪಬಹುದು. ಸದಲಗಾದಲ್ಲಿ ಮಾತ್ರ ಈ ಏಣಿಯ ಮೇಲಿನ ಮೆಟ್ಟಿಲೇ ಇಲ್ಲ. ವಾಡೆಯಲ್ಲಿ ಕುಡಿಯುವುದೂ ಚಹಾ, ಕಬ್ಬು ಕಡಿಯುವವರ ಗುಡಿಸಲಿನಲ್ಲಿ ಕುಡಿಯುವುದೂ ಚಹಾ. ಅಂತರವಿರುವುದು ಹಾಲಿನ ಪ್ರಮಾಣದಲ್ಲಿ, ಲೋಟದ ಅಂದದಲ್ಲಿ. ಒಂದು ಕಾಲಕ್ಕೆ ಯಾರಿಗೆ ಯಾವ ಪಾತ್ರೆಯಲ್ಲಿ ಎಲ್ಲಿ ಕೂಡಿಸಿ ಕೊಡುತ್ತಿದ್ದರೆಂಬುದರಲ್ಲಿ. ಈ ಕೊನೆಯ ವಿಷಯವನ್ನು ನಾವು ಹಗುರಾಗಿ ಕಾಣುವುದಿಲ್ಲ. ಒಂದೇ ಪಾನೀಯವಿದ್ದ ಮಾತ್ರಕ್ಕೆ ಸಮಾನತೆಯಿತ್ತೆಂದು ಯಾರೂ ಭ್ರಮಿಸಲಾಗದು. ಇನ್ನು ಚಹವನ್ನು ಕುರಿತ ಅಧ್ಯಯನಗಳಲ್ಲಿ ಕಲಕತ್ತೆ, ಮುಂಬಯಿ ಮತ್ತು ಉತ್ತರ ಭಾರತದ ಪಟ್ಟಣಗಳು ಎದ್ದು ಕಾಣುತ್ತವೆ. ಹೀಗೆ ಒಂದು ಕಡೆ ದಕ್ಷಿಣವೆಂದರೆ ಕಾಫಿ, ಮತ್ತೊಂದು ಕಡೆ ಉತ್ತರವೆಂದರೆ ಚಹಾ ಎಂದಾದಾಗ, ಚಹಾ ಕುಡಿಯುವ ಕನ್ನಡಿಗನು ಎರಡರ ನಡುವಿನ ಬಿರುಕಿನಲ್ಲಿ ಬಿದ್ದುಹೋಗುತ್ತಾನೆ.

ಈಗ ಬಾಬಾಬುಡನ್ ಐತಿಹ್ಯವನ್ನು ನೋಡೋಣ. ಹದಿನೇಳನೆಯ ಶತಮಾನದಲ್ಲಿ ಮಕ್ಕಾಯಾತ್ರೆಯಿಂದ ಹಿಂದಿರುಗಿದ ಸಂತನು ಏಳು ಕಾಫಿಯ ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದನೆಂಬ ಕಥೆ ಸರ್ವವಿದಿತ. ಅದರ ಸೊಗಸಿಗೆ ನಾವು ವಿರೋಧಿಗಳಲ್ಲ. ಆದರೆ ಅದು ಹೇಳುವುದು ಗಿಡದ ಕಥೆಯನ್ನು. ನಾವು ಅದನ್ನು ಲೋಟದ ಕಥೆಯೆಂದು ಓದುತ್ತಿದ್ದೇವೆ. ಬೆಳೆಯುವುದೂ ಕುಡಿಯುವುದೂ ಬೇರೆ ಬೇರೆ ಚರಿತ್ರೆಗಳು. ಕುಡಿಯುವ ಮಾತಿಗೆ ಬಂದರೆ, ೧೬೧೬ರಲ್ಲಿ ಭಾರತಕ್ಕೆ ಬಂದು ಸರ್ ಥಾಮಸ್ ರೋನ ಬಳಿ ಪಾದ್ರಿಯಾಗಿದ್ದ ಎಡ್ವರ್ಡ್ ಟೆರ್ರಿಯು, ಮದ್ಯವನ್ನು ಮುಟ್ಟದ ಧರ್ಮನಿಷ್ಠರು ಕಾಫಿಯನ್ನು ಕುಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ೧೬೮೯ರಲ್ಲಿ ಸೂರತ್ತಿನಲ್ಲಿದ್ದ ಜಾನ್ ಓವಿಂಗ್ಟನ್ ಎಂಬ ಇನ್ನೊಬ್ಬ ಪಾದ್ರಿಯು ಅಲ್ಲಿಯ ವಣಿಕರು ಚಹವನ್ನೂ ಕಾಫಿಯನ್ನೂ ಸೇವಿಸುತ್ತಿದ್ದುದನ್ನು ಕಂಡು, ಊರಿಗೆ ಮರಳಿದ ಮೇಲೆ ೧೬೯೯ರಲ್ಲಿ ಚಹವನ್ನು ಕುರಿತು ಒಂದು ಪ್ರಬಂಧವನ್ನೇ ಪ್ರಕಟಿಸಿದನು. ಬಂದರು ಪಟ್ಟಣದ ವರ್ತಕರು ಎರಡನ್ನೂ ಬಲ್ಲವರಾಗಿದ್ದರು. ಒಳನಾಡಿನ ರೈತನು ಎರಡನ್ನೂ ಕಂಡವನಲ್ಲ.

ಶಬ್ದಗಳ ಸಾಕ್ಷ್ಯವೂ ಇಲ್ಲಿ ಉಪಯುಕ್ತವಾಗಿದೆ. ಅರಬರ ಶಬ್ದ ‘ಕಹ್ವಾ’. ಬೀಜಕ್ಕೆ ಅವರು ‘ಬುನ್’ ಎನ್ನುತ್ತಾರೆ. ಚಿಕ್ಕಮಗಳೂರಿನ ಜನರು ಈ ಪಾನೀಯವನ್ನು ಅರಬಸ್ತಾನದಿಂದ ಬಂದ ಸಂತನ ಶಿಷ್ಯಪರಂಪರೆಯಿಂದ ಕಲಿತಿದ್ದರೆ ಅರಬಿ ರೂಪವೇ ಸ್ವಲ್ಪ ಮಾರ್ಪಟ್ಟು ನಮ್ಮ ಬಾಯಲ್ಲಿ ನಿಲ್ಲಬೇಕಾಗಿತ್ತು. ನಮ್ಮಲ್ಲಿ ನಿಂತದ್ದು ‘ಕಾಫಿ’, ಯುರೋಪಿಯನ್ನರ ಬಾಯಿಂದ ಬಂದ ರೂಪ. ಬೀಜವು ಯಾವ ಮಾರ್ಗದಿಂದಲೇ ಬಂದಿರಲಿ, ಲೋಟವು ತೋಟದ ದೊರೆಗಳ ಕಾಲದಲ್ಲಿ ಬಂತೆಂಬ ಊಹೆಗೆ ಇದು ಆಧಾರವಾಗುತ್ತದೆ. ಚಹದ ವಿಷಯದಲ್ಲಿ ಶಬ್ದಗಳ ಕವಲು ಇನ್ನೂ ಸ್ಪಷ್ಟವಾಗಿದೆ. ಚೀನದ ಕ್ಯಾಂಟನ್ ಮತ್ತು ಮಕಾವ್ ಕಡೆಯ ‘ಚಾ’ ಎಂಬ ರೂಪವು ಪೋರ್ಚುಗೀಸರ ಹಡಗುಗಳಲ್ಲಿಯೂ, ಭೂಮಾರ್ಗದಲ್ಲಿ ಪಾರಸಿ ಭಾಷೆಯ ಮೂಲಕವೂ ಪಶ್ಚಿಮಕ್ಕೆ ನಡೆಯಿತು. ಫುಜಿಯನ್ ತೀರದ ‘ತೆ’ ಎಂಬ ರೂಪವು ಡಚ್ಚರಿಂದ ಇಂಗ್ಲಿಷರಿಗೆ ಬಂದು ‘ಟೀ’ ಆಯಿತು. ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳಲ್ಲಿ ನಾವು ಹೇಳುವುದು ‘ಚಹಾ’ ಅಥವಾ ‘ಚಾ’. ಮೈಸೂರು, ಮಂಡ್ಯ, ತುಮಕೂರುಗಳಲ್ಲಿ ಹೇಳುವುದು ‘ಟೀ’. ಒಂದೇ ಎಲೆಗೆ ಒಂದೇ ಭಾಷೆಯಲ್ಲಿ ಎರಡು ಹೆಸರು. ದಕ್ಷಿಣದಲ್ಲಿ ಅದು ಇಂಗ್ಲಿಷಿನ ಜೊತೆಗೆ ಬಂದಿತು. ಉತ್ತರದಲ್ಲಿ ಮರಾಠಿ ಮತ್ತು ಉರ್ದು ಪೇಟೆಗಳ ಜೊತೆಗೆ ಬಂದಿತು. ಕನ್ನಡದ ಭಾಷಾ ಶಿಕ್ಷಕರು ಈ ಕವಲನ್ನು ನಕ್ಷೆಯ ಮೇಲೆ ಗುರುತಿಸಿದರೆ ೧೯೫೬ಕ್ಕೆ ಮುಂಚಿನ ಆಡಳಿತದ ಗಡಿಗಳು ಸ್ಥೂಲವಾಗಿ ಅದರಲ್ಲಿ ಮೂಡಿ ಬರುವುವೆಂದು ನಮ್ಮ ನಿರೀಕ್ಷೆ.

ಸದಲಗಾವು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿಯ ಆಳಿಕೆಗೆ ಸೇರಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೇಲ್ವೆಯು ಪುಣೆ, ಮೀರಜ, ಬೆಳಗಾವಿಗಳನ್ನು ಕೂಡಿಸಿದಾಗ ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳು ಈ ಸೀಮೆಯ ಹೊಸ ಬಾಗಿಲುಗಳಾದವು. ಆ ಬಾಗಿಲುಗಳು ತೆರೆದದ್ದು ಮುಂಬಯಿಯ ಕಡೆಗೆ. ಅಸ್ಸಾಮಿನ ಚಹದ ಮೊದಲ ಪೆಟ್ಟಿಗೆಗಳು ೧೮೩೯ರಲ್ಲಿ ಲಂಡನ್ನಿನಲ್ಲಿ ಹರಾಜಾದ ಮೇಲೆ ಬಹುಕಾಲ ಆ ಎಲೆಯು ವಿಲಾಯತಿಗಾಗಿಯೇ ಬೆಳೆಯುತ್ತಿತ್ತು. ತರುವಾಯ ಅದು ಮುಂಬಯಿಯ ಗಿರಣಿಗಳ ಓಣಿಗಳಿಗೂ ಇರಾಣಿ ಹೋಟೆಲುಗಳಿಗೂ ಬಂದಿತು. ಮುಂಬಯಿಗೆ, ಪುಣೆಗೆ, ಕೊಲ್ಹಾಪುರಕ್ಕೆ ದುಡಿಯಲು ಹೋದವರೊಡನೆ ಹಳ್ಳಿಗಳಿಗೂ ಇಳಿಯಿತು. ೧೯೦೪ರಲ್ಲಿ ಇಚಲಕರಂಜಿಯಲ್ಲಿ ಮೊದಲ ವಿದ್ಯುತ್ ಮಗ್ಗವು ಸ್ಥಾಪಿತವಾದ ಮೇಲೆ ಬೆಳೆದ ಮಗ್ಗದ ಪೇಟೆಯೂ, ನಿಪ್ಪಾಣಿಯ ತಂಬಾಕಿನ ವಖಾರಗಳೂ ಬೀಡಿ ಕಟ್ಟುವ ಮನೆಗಳೂ ಚಹದ ಅಂಗಡಿಗಳಿಗೆ ಆಶ್ರಯ ಕೊಟ್ಟವು. ಊಟದ ಹೊತ್ತನ್ನು ಮುಂದೂಡುವ ಶಕ್ತಿ ಒಂದು ಕಪ್ಪು ಸಿಹಿ ಚಹಕ್ಕಿದೆಯೆಂಬುದನ್ನು ಬೀಡಿ ಕಟ್ಟುವ ಹೆಂಗಸರನ್ನು ಕೇಳಿ ತಿಳಿಯಬಹುದು. ಅವರಿಗೆ ಅದು ಅಭಿರುಚಿಯ ಪ್ರಶ್ನೆಯಾಗಿರಲಿಲ್ಲ.

ಅದೇ ಕಾಲದಲ್ಲಿ ಕನ್ನಡ ನಾಡಿನ ಕಾಫಿಯು ಎಲ್ಲಿಗೆ ಹೋಗುತ್ತಿತ್ತು? ಮಲೆನಾಡಿನ ಮತ್ತು ಕೊಡಗಿನ ತೋಟಗಳಿಂದ ಅದು ಮಂಗಳೂರು, ತಲಚೇರಿಗಳ ಕಡೆಗೆ ಇಳಿದು, ಸಂಸ್ಕರಣವಾಗಿ, ಹಡಗು ಹತ್ತುತ್ತಿತ್ತು. ಉತ್ತರಕ್ಕೆ ಅದರ ಮುಖವೇ ಇರಲಿಲ್ಲ. ಚಿಕ್ಕಮಗಳೂರಿಗಿಂತ ಎಷ್ಟೋ ಪಾಲು ದೂರದ ಅಸ್ಸಾಮಿನ ಎಲೆಯು ಸದಲಗಾಕ್ಕೆ ಬಂದಿತು, ಚಿಕ್ಕಮಗಳೂರಿನ ಬೀಜ ಬರಲಿಲ್ಲ. ಇಂದಿಗೂ ಭಾರತದ ಕಾಫಿಯಲ್ಲಿ ಸುಮಾರು ೭೦ ಶೇಕಡಾ ಕರ್ನಾಟಕದಲ್ಲಿ ಬೆಳೆಯುತ್ತದೆ. ಭಾರತದ ಕಾಫಿಯ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ. ಚಹದ ವಿಷಯದಲ್ಲಿ ಇದು ತಲೆಕೆಳಗು: ಬೆಳೆದುದರಲ್ಲಿ ಸುಮಾರು ೮೦ ಶೇಕಡಾ ದೇಶದೊಳಗೇ ಕುಡಿದು ಮುಗಿಯುತ್ತದೆ. ಕರ್ನಾಟಕವು ಕಾಫಿಯ ನಾಡೆಂಬ ಮಾತು ಬೆಳೆಗಾರನ ದೃಷ್ಟಿಯಿಂದ ನಿಜ. ಕುಡಿಯುವವನ ದೃಷ್ಟಿಯಿಂದ ಅದನ್ನು ಪ್ರತಿ ಜಿಲ್ಲೆಗೂ ಬೇರೆಯಾಗಿ ಪರೀಕ್ಷಿಸಬೇಕು.

ಇಲ್ಲಿ ನಮ್ಮ ವಾದಕ್ಕೇ ಒಂದು ಆಕ್ಷೇಪವುಂಟು. ಆಡಳಿತ ಮತ್ತು ರೇಲ್ವೆಗಳೇ ಕಾರಣವೆಂದಾದರೆ ೧೯೩೬ರ ಘಟನೆಯನ್ನು ಹೇಗೆ ಅರ್ಥೈಸುವುದು? ೧೯೩೫ರಲ್ಲಿ ಕಾಫಿ ಸೆಸ್ ಸಮಿತಿಯು ಏರ್ಪಟ್ಟ ಮರುವರ್ಷವೇ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದದ್ದು ಮುಂಬಯಿಯ ಚರ್ಚ್‌ಗೇಟಿನಲ್ಲಿ, ಎಂದರೆ ಸದಲಗಾದ ರಾಜಧಾನಿಯಲ್ಲಿ. ಯುದ್ಧದಿಂದ ಯುರೋಪಿನ ಮಾರುಕಟ್ಟೆಗಳು ಮುಚ್ಚಿದಾಗ, ಸ್ವದೇಶದಲ್ಲಿ ಕುಡಿಯುವವರನ್ನು ಹುಡುಕುವುದು ಅನಿವಾರ್ಯವಾಗಿ, ೧೯೪೨ರ ಕಾಯಿದೆಯಿಂದ ಕಾಫಿ ಮಂಡಳಿಯು ಭದ್ರವಾಯಿತು. ಕಾಫಿ ಹೌಸುಗಳು ಹರಡಿದವು. ೧೯೫೭ರಲ್ಲಿ ಅವುಗಳ ನೌಕರರೇ ಬೆಂಗಳೂರಿನಲ್ಲಿ ತಮ್ಮ ಮೊದಲ ಸಹಕಾರ ಸಂಘವನ್ನು ಕಟ್ಟಿಕೊಂಡರು. ಇಷ್ಟೆಲ್ಲ ನಡೆದರೂ ಕಾಫಿಯು ಮುಂಬಯಿಯಿಂದ ಚಿಕ್ಕೋಡಿಗೆ ಬರಲಿಲ್ಲ. ಆದ್ದರಿಂದ ಮಾರ್ಗವೊಂದೇ ಸಾಲದು. ವಸ್ತುವಿನ ಸ್ವಭಾವವನ್ನೂ ಅದರ ಬೆಲೆಯನ್ನೂ ನೋಡಬೇಕೆಂದು ಒಪ್ಪಬೇಕಾಗುತ್ತದೆ. ನಾವು ಮೊದಲು ಬರೆದ ಕರಡಿನಲ್ಲಿ ಈ ಅಂಶವನ್ನು ಬಿಟ್ಟಿದ್ದೆವು.

ಕಾಫಿಯು ನಾಜೂಕಿನ ವಸ್ತು. ಹುರಿದು ಪುಡಿಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಪರಿಮಳ ಹೋಗುತ್ತದೆ. ಹುರಿಯುವವನು ಹತ್ತಿರವಿರಬೇಕು, ಫಿಲ್ಟರ್ ಇರಬೇಕು, ಕಷಾಯ ಇಳಿಯುವವರೆಗೆ ಕಾಯುವ ಪುರುಸೊತ್ತು ಇರಬೇಕು, ಹಾಲನ್ನು ಬೇರೆಯಾಗಿ ಕಾಯಿಸಬೇಕು. ಚಹಕ್ಕೆ ಇದಾವುದೂ ಬೇಡ. ಒಣ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಯಾವ ಪಾತ್ರೆಯಲ್ಲಿಯೂ ಕುದಿಯುತ್ತದೆ. ನೀರು, ಹಾಲು, ಸಕ್ಕರೆ, ಪುಡಿ ಎಲ್ಲವನ್ನೂ ಒಂದೇ ಒಲೆಯ ಮೇಲೆ ಕೂಡಿಸಬಹುದು. ಮೇಲಾಗಿ, ೧೯೦೩ರ ಚಹಾ ಸೆಸ್ ಕಾಯಿದೆಯ ನಂತರ ಪ್ರಚಾರಕ್ಕೆಂದೇ ಹಣವಿತ್ತು. ರೇಲ್ವೆ ನಿಲ್ದಾಣಗಳಲ್ಲಿ ದೇಶಭಾಷೆಗಳ ತಗಡಿನ ಫಲಕಗಳನ್ನು ಹಾಕಿದರು, ಪುಕ್ಕಟೆಯಾಗಿ ಕಪ್ಪುಗಳನ್ನು ಹಂಚಿದರು, ಒಂದು ಪೈಸೆಯ ಪೊಟ್ಟಣಗಳನ್ನು ಮಾರಿದರು. ಆ ಪೊಟ್ಟಣದ ಮಹತ್ವವನ್ನು ವಿದ್ಯಾರ್ಥಿಗಳು ಗಮನಿಸಬೇಕು. ದಿನಗೂಲಿಯವನು ತಿಂಗಳ ಸಾಮಾನನ್ನು ಒಮ್ಮೆಗೇ ಕೊಳ್ಳಲಾರ. ಒಂದು ದಿನದ ಚಹವನ್ನು ಒಂದು ದಿನದ ಕೂಲಿಯಿಂದ ಕೊಳ್ಳಬಲ್ಲ.

ಆದರೂ ಸ್ವಾತಂತ್ರ್ಯದ ಹೊತ್ತಿಗೆ ಚಹವು ಬಡವನ ನಿತ್ಯದ ವಸ್ತುವಾಗಿತ್ತೆಂದು ಹೇಳುವುದು ಆತುರವಾದೀತು. ಲುಟ್ಜೆಂಡಾರ್ಫ್ ಅವರ ಮುಖ್ಯ ಅಂಶ ಇದೇ, ಮತ್ತು ಇದರಲ್ಲಿ ಅವರು ಸರಿಯೆಂದು ನಮ್ಮ ಮತ. ೧೯೩೦ರ ಸುಮಾರಿಗೆ ಅಸ್ಸಾಮಿನಲ್ಲಿ ವಿಲಿಯಂ ಮೆಕೆರ್ಚರ್ ರೂಪಿಸಿದ ಯಂತ್ರವು ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಸಣ್ಣ ಕಾಳಾಗಿಸುತ್ತಿತ್ತು. ಅದನ್ನೇ ಇಂದು ‘ಸಿಟಿಸಿ’ ಎನ್ನುತ್ತಾರೆ. ಈ ಕಾಳು ಎಲೆಚಹಕ್ಕಿಂತ ಬೇಗ ಬಣ್ಣ ಬಿಡುತ್ತದೆ, ಕಡುವಾಗುತ್ತದೆ, ಅಷ್ಟೇ ತೂಕಕ್ಕೆ ಹೆಚ್ಚು ಕಪ್ಪುಗಳನ್ನು ಕೊಡುತ್ತದೆ. ೧೯೬೦ರ ದಶಕದಿಂದೀಚೆಗೆ ಅದು ವ್ಯಾಪಕವಾಗಿ ದೊರೆತಾಗ ಚಹವು ನಿಜವಾಗಿಯೂ ಸರ್ವರ ಪಾನೀಯವಾಯಿತು. ಎಮ್ಮೆಯ ಗಟ್ಟಿ ಹಾಲಿನ ನಾಡಿಗೆ ಇದು ಹೇಳಿ ಮಾಡಿಸಿದಂತಿತ್ತು. ನವಿರಾದ ಎಲೆಚಹದ ಸೂಕ್ಷ್ಮ ಗಂಧವು ಆ ಹಾಲಿನಲ್ಲಿ ಮುಳುಗಿಹೋಗುತ್ತದೆ, ಸಿಟಿಸಿಯ ಒಗರು ಮುಳುಗುವುದಿಲ್ಲ. ಸದಲಗಾದವರು ‘ಖಡಕ್ ಚಹಾ’ ಎಂದು ಹೆಮ್ಮೆಪಡುವ ರುಚಿಯ ಹಿಂದೆ ಹೀಗೆ ಅಸ್ಸಾಮಿನ ಯಂತ್ರವೂ ಊರ ಎಮ್ಮೆಯೂ ಜೊತೆಯಾಗಿ ನಿಂತಿವೆ.

ಸಿಹಿಯ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಕಬ್ಬಿನ ಸೀಮೆಯಲ್ಲಿ ಮೊದಲು ಕೈಗೆ ಸಿಗುತ್ತಿದ್ದುದು ಬೆಲ್ಲ. ಬೆಲ್ಲದ ಚಹವನ್ನು ಮಾಡಲು ಜಾಣ್ಮೆ ಬೇಕು. ಹಾಲಿನೊಡನೆ ಬೆಲ್ಲವನ್ನು ಕುದಿಸಿದರೆ ಹಾಲು ಒಡೆಯುತ್ತದೆ. ಆದುದರಿಂದ ಬೆಲ್ಲದ ನೀರಿನಲ್ಲಿ ಪುಡಿಯನ್ನು ಕುದಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆ ಕಾಯಿಸಿದ ಹಾಲನ್ನು ಬೆರೆಸುತ್ತಾರೆ. ಉಗಾರ ಖುರ್ದದಲ್ಲಿಯೂ ಮುಂದೆ ಚಿಕ್ಕೋಡಿಯಲ್ಲಿಯೂ ಸಕ್ಕರೆಯ ಕಾರ್ಖಾನೆಗಳು ಬಂದ ಮೇಲೆ ಬಿಳಿ ಸಕ್ಕರೆಯು ಗೌರವದ ಗುರುತಾಗಿ, ಬೆಲ್ಲದ ಚಹವು ಅತಿಥಿಯ ಮುಂದೆ ಇಡಲು ನಾಚುವ ವಸ್ತುವಾಯಿತು. ಈಗ ಕಳೆದ ಕೆಲವು ವರ್ಷಗಳಿಂದ ಹೆದ್ದಾರಿಯುದ್ದಕ್ಕೂ ಬೆಲ್ಲದ ಚಹದ ಅಂಗಡಿಗಳು ಆರೋಗ್ಯದ ಹೆಸರಿನಲ್ಲಿ ಎದ್ದಿವೆ. ಅಜ್ಜಿಯು ನಾಚಿ ಮುಚ್ಚಿಟ್ಟದ್ದನ್ನು ಮೊಮ್ಮಗನು ಹೆಚ್ಚಿನ ಬೆಲೆ ಕೊಟ್ಟು ಕುಡಿಯುತ್ತಿದ್ದಾನೆ. ಇದನ್ನು ಕಂಡೂ ರುಚಿಗೆ ಚರಿತ್ರೆಯಿಲ್ಲವೆಂದು ವಾದಿಸುವವರಿಗೆ ನಾವೇನು ಹೇಳಬೇಕೋ ತಿಳಿಯದು.

ಹವೆಯನ್ನು ಮುಂದುಮಾಡುವ ಇನ್ನೊಂದು ಪಕ್ಷವುಂಟು. ಬಿಸಿಲಿನ ನಾಡಿನಲ್ಲಿ ತಂಪು ಪಾನೀಯವೇ ಸಹಜವೆಂದೂ, ಬಿಸಿ ಚಹವು ಚಳಿದೇಶದವರ ಅನುಕರಣವೆಂದೂ ಈ ಪಕ್ಷದವರು ಹೇಳುತ್ತಾರೆ. ಚೈತ್ರ ವೈಶಾಖಗಳ ನಡುಹಗಲಿನಲ್ಲಿಯೂ ಸದಲಗಾದ ಹೋಟೆಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಹೊಗೆಯಾಡುವ ಚಹವನ್ನು ಬಶಿಗೆ ಸುರಿದು ಕುಡಿಯುವವರನ್ನು ಅವರು ನೋಡಿಲ್ಲವೆಂದು ಕಾಣುತ್ತದೆ. ಕೆನಡಾದ ಒಟ್ಟಾವ ವಿಶ್ವವಿದ್ಯಾಲಯದ ಶರೀರವಿಜ್ಞಾನಿಗಳು ೨೦೧೨ರಲ್ಲಿ ಪ್ರಕಟಿಸಿದ ಪ್ರಯೋಗದಂತೆ, ಬಿಸಿ ಪಾನೀಯವು ಬೆವರನ್ನು ಹೆಚ್ಚಿಸುವುದರಿಂದ, ಆ ಬೆವರೆಲ್ಲ ಆರಿಹೋಗುವಂತಹ ಒಣ ಹವೆಯಲ್ಲಿ ದೇಹದ ಶಾಖವು ಕಡಮೆಯೇ ಆಗುತ್ತದೆ. ತೇವದ ಹವೆಯಲ್ಲಿ ಹೀಗಾಗದು. ಚಿಕ್ಕೋಡಿಯ ಒಣ ಬೇಸಗೆಗೆ ಇದು ಹೊಂದೀತು. ಆದರೆ ಅದೇ ಬಿಸಿ ಚಹವನ್ನು ಮಂಗಳೂರಿನ ಸೆಕೆಯಲ್ಲಿಯೂ ಕುಡಿಯುತ್ತಾರಾದ್ದರಿಂದ ಇದನ್ನೂ ಕಾರಣವೆಂದು ಹೇಳಲು ಬರುವುದಿಲ್ಲ.

ಐಸ್ ಹಾಕಿದ ಚಹದ ಚರಿತ್ರೆಯಾದರೂ ಕುತೂಹಲಕರವಾಗಿದೆ. ೧೯೦೪ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಪ್ರದರ್ಶನದಲ್ಲಿ ಭಾರತೀಯ ಚಹದ ಪ್ರಚಾರಕ್ಕೆಂದು ನಿಂತಿದ್ದ ರಿಚರ್ಡ್ ಬ್ಲೆಚಿಂಡೆನ್ ಎಂಬವನು, ಸೆಕೆಗೆ ಬೇಸತ್ತ ಜನರು ಬಿಸಿ ಚಹವನ್ನು ಮುಟ್ಟದಿದ್ದಾಗ, ಅದಕ್ಕೆ ಐಸ್ ಹಾಕಿ ಹಂಚಿದನೆಂದೂ, ಅಲ್ಲಿಂದ ತಂಪು ಚಹಾ ಹುಟ್ಟಿತೆಂದೂ ಕಥೆ. ಆದರೆ ೧೮೭೦ರ ದಶಕದ ವರ್ಜೀನಿಯಾದ ಪಾಕಪುಸ್ತಕದಲ್ಲಿಯೇ ಅದರ ವಿಧಾನ ಅಚ್ಚಾಗಿದೆ. ಏಳು ಬೀಜಗಳ ಸಂತನ ಕಥೆಗೂ ಈ ಐಸಿನ ವರ್ತಕನ ಕಥೆಗೂ ಇರುವ ಹೋಲಿಕೆಯನ್ನು ವಿದ್ಯಾರ್ಥಿಗಳು ನೋಡಬೇಕು. ಹಲವರು ಹಲವು ವರ್ಷಗಳಲ್ಲಿ ಮಾಡಿದ್ದನ್ನು ಒಬ್ಬನು ಒಂದು ದಿನ ಮಾಡಿದನೆಂದು ಹೇಳುವುದರಲ್ಲಿ ಜನರಿಗೆ ಒಂದು ಸುಖವಿದೆ. ಭಾರತೀಯ ಚಹವೇ ಅಲ್ಲಿ ಐಸಿನಲ್ಲಿ ಪ್ರಸಿದ್ಧವಾಯಿತಾದರೂ ಆ ರೂಪದಲ್ಲಿ ಅದು ನಮ್ಮ ಹಳ್ಳಿಗಳಿಗೆ ಮರಳಲಿಲ್ಲ. ಸದಲಗಾದಲ್ಲಿ ‘ಆರಿದ ಚಹಾ’ ಎಂದರೆ ಅಸಡ್ಡೆಯ ಗುರುತು. ಅಂತಹದನ್ನು ಅತಿಥಿಯ ಮುಂದಿಟ್ಟ ಮನೆಯವರು ಹೆಸರು ಕೆಡಿಸಿಕೊಳ್ಳುತ್ತಾರೆ. ತಂಪಿಗೆ ಮಜ್ಜಿಗೆಯಿದೆ, ಕಬ್ಬಿನ ಹಾಲಿದೆ, ಮಾವಿನ ಪನ್ಹಾ ಇದೆ. ಈಚೆಗೆ ಮಾತ್ರ ಒಂದು ವಿಚಿತ್ರವನ್ನು ನಾವು ಕಂಡೆವು. ಬಿಸಿ ಕಾಫಿಯನ್ನು ಬಾಯಿಗಿಟ್ಟವರಲ್ಲದ ಹುಡುಗರು ಚಿಕ್ಕೋಡಿ, ನಿಪ್ಪಾಣಿಗಳ ಜ್ಯೂಸ್ ಅಂಗಡಿಗಳಲ್ಲಿ ‘ಕೋಲ್ಡ್ ಕಾಫಿ’ಯನ್ನು ಕೇಳಿ ಕುಡಿಯುತ್ತಾರೆ. ಅವರ ಲೆಕ್ಕದಲ್ಲಿ ಅದು ಕಾಫಿಯಲ್ಲ, ಹಾಲಿನ ಒಂದು ತಿಂಡಿ. ಕೂಡಲೆ ಕರಗುವ ಪುಡಿಯಿಂದ ಇದು ಸಾಧ್ಯವಾಗಿದೆ. ಇಲ್ಲಿ ಹುರಿಯುವವನೂ ಬೇಡ, ಫಿಲ್ಟರೂ ಬೇಡ. ಶತಮಾನಕ್ಕೂ ಮಿಕ್ಕಿ ದಕ್ಷಿಣದ ಬಾಗಿಲಿನಿಂದ ಬಾರದ ಕಾಫಿಯು ಐಸಿನ ಪೆಟ್ಟಿಗೆಯಿಂದ ಸದಲಗಾಕ್ಕೆ ಬರುತ್ತಿದೆಯೋ ಏನೋ.

ಹಾಗಾದರೆ ವೈಯಕ್ತಿಕ ಅಭಿರುಚಿಗೆ ಎಡೆಯೇ ಇಲ್ಲವೆ? ಇದೆ; ನಾವು ಹುಡುಕುವ ಸ್ಥಳದಲ್ಲಿಲ್ಲ. ಕಾಫಿಯೋ ಚಹವೋ ಎಂಬುದು ಮನೆಯ ಹೊರಗೆ ತೀರ್ಮಾನವಾದ ಮೇಲೆ, ಒಳಗೆ ಉಳಿದ ಸಣ್ಣ ಸಣ್ಣ ವಿಷಯಗಳಲ್ಲಿ ಒಬ್ಬೊಬ್ಬರ ಹಟ ತೋರುತ್ತದೆ. ಒಬ್ಬರಿಗೆ ಸಕ್ಕರೆ ಮುಂದು, ಒಬ್ಬರಿಗೆ ಪುಡಿ ಮುಂದು. ಒಬ್ಬರು ಕಪ್ಪಿನಿಂದಲೇ, ಒಬ್ಬರು ಬಶಿಯಿಂದಲೇ. ಒಬ್ಬರಿಗೆ ಟೋಸ್ಟು, ಒಬ್ಬರಿಗೆ ಖಾರಿ. ಜೈನರ ಮನೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೆಲದೊಳಗಿನ ಕಂದಮೂಲಗಳು ವರ್ಜ್ಯವಾದುದರಿಂದ ನಿಷ್ಠಾವಂತರು ಚಹಕ್ಕೆ ‘ಅಲ್ಲ’ ಎಂದರೆ ಹಸಿಶುಂಠಿಯನ್ನು ಹಾಕುವುದಿಲ್ಲ. ಒಣಶುಂಠಿಯನ್ನೋ ಏಲಕ್ಕಿಯನ್ನೋ ಹಾಕುತ್ತಾರೆ. ರಾತ್ರಿಭೋಜನವನ್ನು ತ್ಯಜಿಸಿದವರ ಸಂಜೆಯ ಚಹವು ಹೊತ್ತು ಮುಳುಗುವ ಮುನ್ನ ಮುಗಿಯಬೇಕು. ೨೦೨೪ರಲ್ಲಿ ಸಮಾಧಿಸ್ಥರಾದ ಆಚಾರ್ಯ ವಿದ್ಯಾಸಾಗರರು ೧೯೪೬ರಲ್ಲಿ ಜನಿಸಿದ್ದು ಇದೇ ಸದಲಗಾದಲ್ಲಿ. ದಿಗಂಬರ ಮುನಿಗಳು ದಿನಕ್ಕೆ ಒಮ್ಮೆ, ನಿಂತು, ಅಂಗೈಯಲ್ಲಿ ಆಹಾರವನ್ನು ಸ್ವೀಕರಿಸುವವರು. ಅಂತಹ ಆದರ್ಶವು ಕಣ್ಣೆದುರಿಗಿರುವ ಊರಿನಲ್ಲಿ ದಶಲಕ್ಷಣ ಪರ್ವದ ಹತ್ತು ದಿನ, ಇಲ್ಲವೆ ಒಂದು ಚಾತುರ್ಮಾಸ, ಕೆಲವೊಮ್ಮೆ ಆಜೀವನ ಚಹವನ್ನು ಬಿಡುವ ನಿಯಮವನ್ನು ಹಿಡಿದ ಗೃಹಸ್ಥರು ಸಿಗುತ್ತಾರೆ. ಮನೆಯವರೆಲ್ಲ ಕುಡಿಯುತ್ತಿರುವಾಗ ಬಿಸಿ ನೀರಿನ ಲೋಟವನ್ನು ಹಿಡಿದು ಅವರ ಜೊತೆಗೆ ಕುಳಿತಿರುವ ಆ ಮುದುಕಿಯದು, ನಮ್ಮ ಎಣಿಕೆಯಲ್ಲಿ, ಊರಿನಲ್ಲಿ ಈ ಬಗ್ಗೆ ಯಾರಾದರೂ ತಾವಾಗಿ ಮಾಡಿದ ಆಯ್ಕೆ.

ಸ್ವಾತಂತ್ರ್ಯ ಚಳವಳಿಯವರ ನಿಯಮವೂ ಇಂತಹದೇ ಇತ್ತು. ೧೯೨೪ರಲ್ಲಿ ಬೆಳಗಾವಿಯ ಕಾಂಗ್ರೆಸ್ಸಿಗೆ ಅಧ್ಯಕ್ಷರಾಗಿ ಬಂದ ಗಾಂಧೀಜಿಯವರು ೧೯೪೨ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯವನ್ನು ಕುರಿತು ಬರೆದ ಪುಸ್ತಕದಲ್ಲಿ ಚಹಾ, ಕಾಫಿ, ಕೋಕೋ ಮೂರೂ ದೇಹಕ್ಕೆ ಬೇಕಿಲ್ಲವೆಂದರು. ಬಂಗಾಳದಲ್ಲಿ ಆಚಾರ್ಯ ಪ್ರಫುಲ್ಲಚಂದ್ರ ರಾಯರು ಚಹವನ್ನು ಕಟುವಾಗಿ ವಿರೋಧಿಸಿದ್ದರು. ಆದರೆ ೧೯೪೭ರಲ್ಲಿ ಚರಕದ ಮುಂದೆ ಕುಳಿತ ಸ್ತ್ರೀಯ ಚಿತ್ರದೊಡನೆ, ಚಹವು ಪೂರ್ಣ ಸ್ವದೇಶಿಯೆಂಬ ಜಾಹೀರಾತು ಅಚ್ಚಾಯಿತು. ತೋಟದ ಕೂಲಿಗಳ ಬವಣೆಯನ್ನು ನೆನೆದು ಕಪ್ಪನ್ನು ದೂರ ಸರಿಸಿದವರು ಎಷ್ಟು ಬೇಗ ಸೋತರೆಂಬುದಕ್ಕೆ ಈ ಒಂದು ಚಿತ್ರ ಸಾಕು.

ಗಡಿಯ ಮಾತನ್ನೂ ಆಡಿಬಿಡಬೇಕು. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ಮರುವರ್ಷ ವರದಿಯನ್ನು ಕೊಟ್ಟು ಐದು ದಶಕಗಳು ಕಳೆದರೂ ಈ ಸೀಮೆಯಲ್ಲಿ ಉಡುಪು, ಊಟ, ಪಾನೀಯಗಳನ್ನು ತೋರಿಸಿ ‘ಇವರು ಆ ಕಡೆಯವರು’ ಎಂದು ವಾದಿಸುವುದು ನಿಂತಿಲ್ಲ. ಸದಲಗಾದ ಚಹವು ಕೊಲ್ಹಾಪುರದ ಚಹದಂತಿದೆಯೆಂಬುದು ನಿಜ. ಅದು ಕಲಬುರಗಿಯ ಚಹಕ್ಕೂ ಹತ್ತಿರವಾಗಿದೆ, ಕಲಬುರಗಿಯಲ್ಲಿ ಅದು ಹೈದರಾಬಾದಿನಿಂದ ಬಂದಿತು. ಒಂದು ಕಪ್ಪಿನಿಂದ ಮುಂಬಯಿಯ ಹಳೆಯ ಆಳಿಕೆಯನ್ನು ಗುರುತಿಸಬಹುದು, ಮಾತೃಭಾಷೆಯನ್ನು ಗುರುತಿಸಲಾಗದು. ಕಾಫಿಯನ್ನು ಕನ್ನಡತನದ ಲಕ್ಷಣವೆಂದು ಬೆಂಗಳೂರಿನಲ್ಲಿ ಬರೆಯುವವರು, ತಮಗರಿವಿಲ್ಲದೆ, ಇದೇ ವಾದಕ್ಕೆ ಇನ್ನೊಂದು ತುದಿಯಿಂದ ಬೆಂಬಲ ಕೊಡುತ್ತಿದ್ದಾರೆ.

ಇನ್ನು ನಮ್ಮ ವಿದ್ಯಾರ್ಥಿಗಳಿಂದ ಆಗಬೇಕಾದ ಕೆಲಸ. ಸದಲಗಾ, ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಹಳೆಯ ಕಿರಾಣಿ ಅಂಗಡಿಗಳಲ್ಲಿ ಕಿರ್ದಿ-ಖತಾವಣಿಗಳು ಕಟ್ಟಿಟ್ಟಲ್ಲೇ ಇರುತ್ತವೆ. ಮನೆಗಳ ಪೆಟ್ಟಿಗೆಗಳಲ್ಲಿ ಮದುವೆಯ ಯಾದಿಗಳಿರುತ್ತವೆ. ಬೆಲ್ಲ, ತುಪ್ಪ, ಅಡಿಕೆಗಳ ಸಾಲಿನಲ್ಲಿ ಚಹದ ಪುಡಿಯು ಯಾವ ವರ್ಷ, ಯಾರ ಮನೆಯ ಖಾತೆಯಲ್ಲಿ, ಎಷ್ಟು ತೂಕದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆಂಬುದನ್ನು ಅವುಗಳಿಂದ ತೆಗೆಯಬಹುದು. ಕಾಫಿ ಎಲ್ಲಿಯಾದರೂ ಇಣುಕಿದ್ದರೆ ಅದೂ ತಿಳಿದೀತು. ಇಂತಹ ಲೆಕ್ಕಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಅದನ್ನು ಸರಾಗವಾಗಿ ಓದಬಲ್ಲವರು ಈಗ ಕೆಲವೇ ಮಂದಿ ಹಿರಿಯರು. ಮೇಲೆ ಹೇಳಿದ ವಿದ್ಯಾರ್ಥಿಯು ಈ ಬೇಸಗೆಯಲ್ಲಿ ತನ್ನ ಓಣಿಯ ಅಂಥ ಒಬ್ಬ ಹಿರಿಯರಲ್ಲಿ ಮೋಡಿಯನ್ನು ಕಲಿಯಲು ಕುಳಿತಿದ್ದಾನೆ. ಕಲಿಸುವವರು ಫೀ ಎಂದು ಕೇಳಿರುವುದು ದಿನಕ್ಕೆ ಎರಡು ಕಪ್ಪು ಚಹಾ.